ಅರ್ಬುದ ರೋಗವೂ ಊರ ಯಜಮಾನರ ಕರ್ತವ್ಯವೂ

ಕಬ್ಬಿನ ಗದ್ದೆಯಲ್ಲಿ ಕೆಂಪು ಕೊಳೆ ರೋಗ ತಗುಲಿದ ಒಂದು ಬುಡ ಕಂಡರೆ, ಅದನ್ನು ಆಗಲೇ ಕಿತ್ತು ಸುಡತಕ್ಕದ್ದೆಂಬುದು ಶ್ರೀರಂಗಪಟ್ಟಣ, ಪಾಂಡವಪುರ ತಾಲ್ಲೂಕುಗಳ ರೈತರಿಗೆಲ್ಲ ತಿಳಿದ ವಿಷಯ. ಬೆಳೆಯ ವಿಷಯದಲ್ಲಿ ಇಷ್ಟು ಜಾಗರೂಕರಾದ ಭೂಮಾಲೀಕರು, ಅದೇ ಗದ್ದೆಯಲ್ಲಿ ದುಡಿಯುವ ಆಳಿನ ಬಾಯಲ್ಲಿ ಮಾಯದ ಹುಣ್ಣಿದ್ದರೆ ತಿಂಗಳುಗಟ್ಟಲೆ ವಿಚಾರಿಸದಿರುವುದು ವ್ಯಸನಕರವಾದ ಸಂಗತಿ. ಅರ್ಬುದ ರೋಗ, ಅಂದರೆ ಕ್ಯಾನ್ಸರು, ದೈವಾಧೀನವೆಂದೂ ಅದರ ಚಿಕಿತ್ಸೆ ಪಟ್ಟಣದ ವೈದ್ಯರ ಕೆಲಸವೆಂದೂ ಹಲವರು ನಂಬಿದ್ದಾರೆ. ಆದರೆ ರೋಗಿಯು ಉಳಿಯುವನೋ ಇಲ್ಲವೋ ಎಂಬುದು ಬಹುಮಟ್ಟಿಗೆ ಆಸ್ಪತ್ರೆಯನ್ನು ಸೇರುವ ಮೊದಲೇ ಊರಿನಲ್ಲಿ ತೀರ್ಮಾನವಾಗುತ್ತದೆ.

ಕಾರಣಗಳ ವಿಷಯವಾಗಿ ಈ ಸೀಮೆಗೆ ಹತ್ತಿರದ ಸಾಕ್ಷ್ಯವೇ ಉಂಟು. ಬೆಂಗಳೂರಿನ ಕ್ಯಾನ್ಸರ್ ನೋಂದಣಿಯ ದಾಖಲೆಗಳಿಂದ ಬಾಯಿಯ ಅರ್ಬುದವಿದ್ದ 348 ಮಂದಿಯನ್ನು ಆರಿಸಿ, ಅದೇ ವಯಸ್ಸಿನ ನಿರೋಗಿಗಳೊಡನೆ ಹೋಲಿಸಿದ ಸಂಶೋಧನೆಯೊಂದು 1990ರಲ್ಲಿ ಪ್ರಕಟವಾಯಿತು. ಎಲೆ ಅಡಿಕೆಯೊಡನೆ ಹೊಗೆಸೊಪ್ಪು ಅಗಿಯುವ ಸ್ತ್ರೀಯರಿಗೆ ಅಪಾಯವು ಅಗಿಯದವರಿಗಿಂತ ಸುಮಾರು 25 ಪಾಲು ಹೆಚ್ಚೆಂದು ಅದರಿಂದ ತಿಳಿದುಬಂದಿತು. ಅದನ್ನು ಬಾಯಲ್ಲಿಟ್ಟುಕೊಂಡೇ ಮಲಗುವವರಿಗೆ ಅಪಾಯವು ಮತ್ತೂ ಹೆಚ್ಚು. ರಾಗಿ ಉಣ್ಣುವವರಲ್ಲಿ ರೋಗವು ಕಡಿಮೆಯೆಂದೂ ಕಂಡಿತು; ಆದರೆ ಮುದ್ದೆ ಉಂಡವರು ಕಡ್ಡಿಪುಡಿಯನ್ನು ನಿರ್ಭಯವಾಗಿ ಅಗಿಯಬಹುದೆಂದು ನಾಗಮಂಗಲದ ರಾಗಿ ಬೆಳೆಗಾರರು ಭಾವಿಸಕೂಡದು. ಹೊಗೆಸೊಪ್ಪಿಲ್ಲದ ಬರಿಯ ಅಡಿಕೆಯೂ ಅರ್ಬುದಕಾರಕವೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯವರು 2004ರಲ್ಲಿ ನಿರ್ಣಯಿಸಿದ್ದಾರೆ. ಅಡಿಕೆ ತೋಟದವರಿಗೆ ಈ ಮಾತು ಹಿತವಾಗದಿದ್ದರೂ ಮರೆಮಾಚತಕ್ಕದ್ದಲ್ಲ.

ಬೆಳೆಗೆ ಹೊಡೆಯುವ ಔಷಧಿಯೇ ಈ ರೋಗಕ್ಕೆ ಮೂಲವೆಂದು ಹೇಳುವವರೂ ಇದ್ದಾರೆ. ಆ ಮಾತು ಪೂರ್ತಿ ನಿರಾಧಾರವಲ್ಲ. 2015ರಲ್ಲಿ ಅದೇ ಸಂಸ್ಥೆಯವರು ಲಿಂಡೇನನ್ನು ಅರ್ಬುದಕಾರಕವೆಂದೂ, ಮೆಲಾಥಿಯಾನ್ ಮತ್ತು ಗ್ಲೈಫೋಸೇಟುಗಳನ್ನು ಪ್ರಾಯಶಃ ಅರ್ಬುದಕಾರಕವೆಂದೂ ವರ್ಗೀಕರಿಸಿದರು. ಆದಕಾರಣ ಔಷಧಿ ಹೊಡೆಯುವ ಆಳಿಗೆ ಕೈಗವಸು, ಮುಖವಸ್ತ್ರಗಳನ್ನು ಒದಗಿಸಬೇಕು; ಖಾಲಿ ಡಬ್ಬಿಗಳನ್ನು ಮನೆಬಳಕೆಗೆ ಬಿಡಕೂಡದು. ಆದರೆ ಡಬ್ಬಿಯನ್ನು ದೂರುತ್ತ ಹೊಗೆಸೊಪ್ಪನ್ನು ಮರೆಯುವುದು ವಿವೇಕವಲ್ಲ. ನಾಟಿ, ಕಬ್ಬು ಕಡಿತದ ದಿನಗಳಲ್ಲಿ ಕೂಲಿಯವರಿಗೆ ಎಲೆ ಅಡಿಕೆ ಹೊಗೆಸೊಪ್ಪು ಹಂಚುವುದು ಹಲವೆಡೆ ಮರ್ಯಾದೆಯೆನಿಸಿದೆ. ಕೊಡುವವರ ಮನಸ್ಸು ಒಳ್ಳೆಯದೇ. ಕೊಡುವ ಪದಾರ್ಥ ಒಳ್ಳೆಯದಲ್ಲ. ಅದರ ಬದಲು ಮಜ್ಜಿಗೆಯನ್ನೋ ಬೆಲ್ಲವನ್ನೋ ಕೊಟ್ಟರೆ ಮರ್ಯಾದೆಗೆ ಕುಂದಿಲ್ಲ.

ಇನ್ನು ಫಲದಲ್ಲಿ ಕಾಣುವ ತಾರತಮ್ಯವನ್ನು ವಿಚಾರಿಸೋಣ. ಸ್ಥಿತಿವಂತರ ಮನೆಯ ಹೆಂಗಸಿಗೆ ಎದೆಯಲ್ಲಿ ಗಂಟು ಕಂಡರೆ, ವಾರದೊಳಗೆ ಮೈಸೂರಿಗೋ, 1973ರಲ್ಲಿ ಸ್ಥಾಪಿತವಾದ ಬೆಂಗಳೂರಿನ ಕಿದ್ವಾಯಿ ಸಂಸ್ಥೆಗೋ ಕರೆದೊಯ್ಯುತ್ತಾರೆ. ಅದೇ ಗಂಟು ಕೃಷ್ಣರಾಜಪೇಟೆಯ ಒಳಹಳ್ಳಿಯ ಕೂಲಿ ಹೆಂಗಸಿಗೆ ಬಂದರೆ, ನಾಟಿ ಮುಗಿಯಲಿ, ಹಬ್ಬ ಕಳೆಯಲಿ ಎಂದು ದಿನ ದೂಡುತ್ತಾಳೆ. ಗರ್ಭಕೊರಳಿನ ಅರ್ಬುದಕ್ಕೆ ಕಿರಣ ಚಿಕಿತ್ಸೆಯು ವಾರಕ್ಕೆ ಐದು ದಿನದಂತೆ ಐದಾರು ವಾರ ನಡೆಯತಕ್ಕದ್ದು. ಅಷ್ಟು ದಿನದ ಕೂಲಿ ಹೋದರೆ ಒಲೆ ಉರಿಯುವುದು ಹೇಗೆ, ಹಸುವಿಗೆ ಹುಲ್ಲು ಹಾಕುವವರಾರು ಎಂದು ಯೋಚಿಸಿ ಅರ್ಧದಲ್ಲೇ ಊರಿಗೆ ಮರಳುವವರುಂಟು. ರೋಗ ಒಂದೇ, ಔಷಧವೂ ಒಂದೇ. ಭೇದವಿರುವುದು ಕಾಲದಲ್ಲಿಯೂ ಆಸರೆಯಲ್ಲಿಯೂ.

ಬೇಗ ಕಂಡುಹಿಡಿದರೆ ಫಲವುಂಟೆಂಬುದಕ್ಕೆ ಪ್ರಮಾಣಗಳಿವೆ. ತಿರುವನಂತಪುರದ ಬಳಿ 1996ರಲ್ಲಿ ಆರಂಭಿಸಿದ ಪ್ರಯೋಗದಲ್ಲಿ, ತರಬೇತಾದ ಕಾರ್ಯಕರ್ತರು ಮನೆಗಳಿಗೆ ಹೋಗಿ ಬಾಯಿಯನ್ನು ನೋಡಿದ್ದರಿಂದಲೇ, ಹೊಗೆಸೊಪ್ಪು ಅಥವಾ ಮದ್ಯದ ಅಭ್ಯಾಸವಿದ್ದವರಲ್ಲಿ ಬಾಯಿಯ ಅರ್ಬುದದ ಮರಣಗಳು ನೂರಕ್ಕೆ 34ರಷ್ಟು ತಗ್ಗಿದವು. ಕಲಬುರಗಿಯ ಎಲ್ಲೆಗೆ ತಾಗಿರುವ ಉಸ್ಮಾನಾಬಾದ್ ಜಿಲ್ಲೆಯ, ಅಂದರೆ ಈಗಿನ ಧಾರಾಶಿವದ, ಹಳ್ಳಿಗಳಲ್ಲಿ 1,31,746 ಸ್ತ್ರೀಯರನ್ನು ಸೇರಿಸಿಕೊಂಡು ನಡೆದ ಪ್ರಯೋಗದ ಫಲವು 2009ರಲ್ಲಿ ಪ್ರಕಟವಾಯಿತು. ಪ್ಯಾಪಿಲೋಮಾ ವೈರಸ್ಸಿನ ಪರೀಕ್ಷೆಗೆ ಒಮ್ಮೆ ಅವಕಾಶವಿತ್ತ ಗುಂಪಿನಲ್ಲಿ ಗರ್ಭಕೊರಳಿನ ಅರ್ಬುದದ ಮರಣಗಳು ಸುಮಾರು ಅರ್ಧಕ್ಕೆ ಇಳಿದಿದ್ದವು. ಅವರೂ ಹೊಲದಲ್ಲಿ ದುಡಿಯುವ ಹಳ್ಳಿಯ ಹೆಂಗಸರೇ.

ಬಡತನಕ್ಕೆ ಯಜಮಾನರೇನು ಮಾಡಿಯಾರು ಎಂಬ ಆಕ್ಷೇಪ ಬರಬಹುದು. ಆಸ್ಪತ್ರೆಯ ವೆಚ್ಚಕ್ಕೆ 2018ರಲ್ಲಿ ಜಾರಿಗೆ ಬಂದ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಗಳವರೆಗೆ ನೆರವುಂಟು. ಆದರೆ ಹೋದ ಕೂಲಿಯನ್ನೂ ಕೊಟ್ಟಿಗೆಯ ಕೆಲಸವನ್ನೂ ಯಾವ ಕಾರ್ಡೂ ತುಂಬಿಕೊಡುವುದಿಲ್ಲ. ಅದು ಊರಿನ ಕೈಯಲ್ಲಿರುವ ಕೆಲಸ.

ಆದುದರಿಂದ ಪ್ರತಿ ಗ್ರಾಮದ ಮುಖಂಡರು ಮೂರು ಕಾರ್ಯಗಳನ್ನು ಕೈಕೊಳ್ಳುವುದು ಉಚಿತ. ಒಂದನೆಯದು, ತಮ್ಮ ಗದ್ದೆಯಲ್ಲಿ ಹೊಗೆಸೊಪ್ಪು ಹಂಚುವುದನ್ನು ನಿಲ್ಲಿಸುವುದು. ಎರಡನೆಯದು, 30 ವರ್ಷ ಮೀರಿದ ಆಳುಗಳನ್ನು, ಮುಖ್ಯವಾಗಿ ಸ್ತ್ರೀಯರನ್ನು, ಆಶಾ ಕಾರ್ಯಕರ್ತೆಯರ ಮುಖಾಂತರ ಬಾಯಿ, ಸ್ತನ, ಗರ್ಭಕೊರಳಿನ ತಪಾಸಣೆಗೆ ಕಳುಹಿಸಿ, ಆ ದಿನದ ಕೂಲಿಯನ್ನು ಹಿಡಿಯದಿರುವುದು. ಮೂರು ವಾರಕ್ಕೂ ಮಾಯದ ಬಾಯಿಹುಣ್ಣು, ಬಿಳಿ ಅಥವಾ ಕೆಂಪು ಮಚ್ಚೆ, ಎದೆಯ ಗಂಟು, ಮುಟ್ಟು ನಿಂತ ಮೇಲಿನ ರಕ್ತಸ್ರಾವ, ಇವು ಕಂಡರೆ ಸುಗ್ಗಿಯವರೆಗೆ ಕಾಯಕೂಡದು. ಮೂರನೆಯದು, ಚಿಕಿತ್ಸೆಗೆ ಹೋದವರ ಮನೆಯ ದನಕರುಗಳನ್ನೂ ಮಕ್ಕಳನ್ನೂ ಸರದಿಯಂತೆ ನೋಡಿಕೊಳ್ಳುವುದು. ನೀರಿನ ಸರದಿಯನ್ನು ತಪ್ಪದೆ ನಡೆಸುವ ಊರುಗಳಿಗೆ ಈ ಸರದಿಯೇನೂ ಅಸಾಧ್ಯವಲ್ಲ.