ಮರದಾಗಿನ ದೇವ್ರನ್ನ ಮರದಾಗ ಇರಾಕ ಬಿಡ್ರಿ

(1/6)
ಶೀಗಿ ಹುಣ್ಣಿಮಿ ದಿನ ಹೊಲಕ್ಕ ಹೋಗಿ ಫೋಟೋ ಹಾಕಿದವ್ರೆಲ್ಲ ಒಂದು ಕೆಲಸ ಮಾಡ್ರಿ. ಆ ಫೋಟೋ ತಗೀರಿ, ನಿಮ್ಮ ಮುಖ ಬಿಟ್ಟು ಹಿಂದ ಜೂಮ್ ಮಾಡ್ರಿ. ಏನ್ ಕಾಣ್ತೈತಿ? ಬದುವಿನ ಮ್ಯಾಲ ಒಂದು ಬನ್ನಿಗಿಡ. ಅದರ ಬುಡದಾಗ ಸುಣ್ಣ ಹಚ್ಚಿದ ಐದು ಕಲ್ಲು. ಅರಿಷಿಣ, ಕುಂಕುಮ, ಎಡಿ ಇಟ್ಟ ಕಡುಬು.

ಐದು ಕಲ್ಲು ಅಂದ್ರ ಪಾಂಡವರು. ಬನ್ನಿ ಅಂದ್ರ ಮಹಾಂಕಾಳಿ. ಚರಗ ಚೆಲ್ಲೋದು ಭೂಮ್ತಾಯಿಗೆ, ಯಾಕಂದ್ರ ಪೈರು ಹೊಡಿ ತುಂಬಿದಾಗ ಆಕಿ ಬಸುರಿ, ಆಕಿಗೆ ಬಯಕಿ ಊಟ ಬೇಕು. ಗೋಡಿ ಇಲ್ಲ, ಬಾಗಿಲಿಲ್ಲ, ಹುಂಡಿ ಇಲ್ಲ. ಪೂಜಿ ಮಾಡೋರು ಮನಿ ಮಂದಿನ. ಹೊಲ ಕಾಯೋ ದೇವ್ರು ಹೊಲದಾಗ ಇರ್ತಾಳ, ಅಷ್ಟ.

ಈ ಸರಣಿಯಾಗ ನಾನು ಹೇಳೋದು ಒಂದ ಮಾತು: ಆ ದೇವ್ರಿಗೆ ಅದ ಜಾಗ ಸರಿ. ಆಕಿಗೆ ಆರ್‌ಸಿಸಿ ಮನಿ ಕಟ್ಟಬ್ಯಾಡ್ರಿ.

(2/6)
ಇಂಥ ದೇವ್ರು ನಮ್ಮಲ್ಲಿ ಅಷ್ಟ ಇಲ್ಲ. ಬರ್ಮಾಕ್ಕ, ಅಂದ್ರ ಈಗಿನ ಮಯನ್ಮಾರ್‌ಗೆ ಹೋಗ್ರಿ. ಅಲ್ಲಿನ ಬಹುತೇಕ ಜನ ಬೌದ್ಧರು. ಆದ್ರೂ ಊರಿನ ದೊಡ್ಡ ಮರಗಳ ಬುಡದಾಗ, ಟೊಂಗಿ ಮ್ಯಾಲ, ಪಾರಿವಾಳದ ಗೂಡಿನಂಥ ಪುಟ್ಟ ಮನಿ ಇರ್ತಾವ. ಅದು 'ನಾತ್'ಗಳ ಜಾಗ. ನಾತ್ ಅಂದ್ರ ಕಾಯುವ ಶಕ್ತಿ, ಕೆಣಕಿದ್ರ ಕಾಡುವ ಶಕ್ತಿ ಕೂಡ.

ಅವರಲ್ಲಿ ಮರಕ್ಕೆ ಒಬ್ಬ, ನೆಲಕ್ಕೆ ಒಬ್ಬ, ಆಕಾಶಕ್ಕೆ ಒಬ್ಬ ಕಾವಲುಗಾರ ಇದ್ದಾನೆ. ಹೆಸರು ಕೇಳ್ರಿ: ಯೊಕ್ಕಜೊ, ಬೊಮ್ಮಜೊ, ಅಕಥಜೊ. 'ಜೊ' ಅಂದ್ರ ಆಳುವವ. ಮುಂದಿನ ಭಾಗ ಪಾಲಿ ಭಾಷೆಯಿಂದ ಬಂದದ್ದು. ಪಾಲಿಯ 'ರುಕ್ಖ' ನಮ್ಮ ವೃಕ್ಷ. ಉಳಿದೆರಡು ಭೂಮಿ, ಆಕಾಶ. ಬಂಗಾಳ ಕೊಲ್ಲಿ ಆಚೆ ಇರೋ ದೇವ್ರ ಹೆಸರಿನಾಗೂ ನಮಗ ಗೊತ್ತಿರೋ ಮೂರು ಶಬ್ದ ಕೂತಾವ! ಅಲ್ಲಿ ಮರ ಕಡಿಯೋ ಮೊದಲು ಯೊಕ್ಕಜೊನ ಅಪ್ಪಣಿ ಕೇಳೋ ರೂಢಿ ಐತಿ. ನಮ್ಮಲ್ಲೂ ಕೊಡಲಿ ಎತ್ತೋ ಮುಂಚೆ ಕಾಯಿ ಒಡೆದು ಕೈಮುಗಿಯೋ ಹಿರಿಯರು ಇದ್ರು, ಇದ್ದಾರ.

(3/6)
ನಾತ್‌ಗಳೊಳಗ ಮನಿ ಕಾಯೋ ನಾತ್‌ನ ಕಥಿ ಕೇಳ್ರಿ. ತಗೌಂಗ್ ಅನ್ನೋ ಊರಾಗ ಒಬ್ಬ ಕಮ್ಮಾರ ಇದ್ದ. ಅವನ ಬಲ ನೋಡಿ ಅರಸಗ ಹೆದರಿಕಿ. ಕಮ್ಮಾರನ ತಂಗೀನ ರಾಣಿ ಮಾಡ್ಕೊಂಡು, ನಂಬಿಸಿ ಕರೆಸಿ, ಸಂಪಿಗಿ ಮರಕ್ಕ ಕಟ್ಟಿ ಸುಡಿಸಿದ. ತಂಗೀನೂ ಅದ ಬೆಂಕಿಗೆ ಹಾರಿದಳು. ಇಬ್ಬರೂ ನಾತ್ ಆಗಿ ಆ ಸಂಪಿಗಿ ಮರದಾಗ ಸೇರಿಕೊಂಡ್ರು, ನೆರಳಿಗೆ ಬಂದವರನ್ನ ಕೊಲ್ಲಾಕ ಹತ್ತಿದ್ರು. ಅರಸ ಮರ ಕೀಳಿಸಿ ಐರಾವತಿ ನದಿಗೆ ಒಗಿಸಿದ. ಅದು ತೇಲಿ ತೇಲಿ ಪಗಾನ್ ಮುಟ್ಟಿತು. ಅಲ್ಲಿನ ಅರಸ ಅದ ಕಟ್ಟಿಗಿಯಿಂದ ಇಬ್ಬರ ಮೂರ್ತಿ ಕೆತ್ತಿಸಿ ಪೋಪಾ ಬೆಟ್ಟದ ಮ್ಯಾಲ ಇಟ್ಟ.

ಇವತ್ತಿಗೂ ಬರ್ಮಾದ ಎಷ್ಟೋ ಮನಿಯಾಗ ಆ ಕಮ್ಮಾರನ ಹೆಸರಿನಾಗ ಕೆಂಪು ಬಟ್ಟಿ ಸುತ್ತಿದ ತೆಂಗಿನಕಾಯಿ ತೂಗ್ತೈತಿ. ಈಗ ನಿಮ್ಮ ತಲಬಾಗಿಲ ಮ್ಯಾಲ ನೋಡ್ರಿ. ನಮ್ಮ ಕಾಯಿ ದೃಷ್ಟಿಗೆ, ಅವರ ಕಾಯಿ ನಾತ್‌ಗೆ. ಆದ್ರೂ ಕೆಂಪು ಬಟ್ಟಿ ಅದ!

ನನಗ ಈ ಕಥಿಯಾಗ ಹಿಡಿಸಿದ್ದು ಇದು: ಅರಸನ ಅನ್ಯಾಯ ಸಹಿಸದೆ ಸತ್ತವರಿಗೆ ಜನ ಜಾಗ ಕೊಟ್ಟದ್ದು ಮರದಾಗ. ಮುಂದ 11ನೇ ಶತಮಾನದಾಗ ಅನವ್ರತ ಅನ್ನೋ ಅರಸ ನಾತ್ ಪೂಜಿ ನಿಲ್ಲಿಸಾಕ ನೋಡಿದ, ಆಗಲಿಲ್ಲ. ಕಡೀಕ ಅವರನ್ನ ಶ್ವೇಜಿಗೋನ್ ಪಗೋಡಾದ ಆವರಣಕ್ಕ ಸೇರಿಸಿ, ಎಲ್ಲರ ಮ್ಯಾಲ ಇಂದ್ರನ್ನ ಕೂರಿಸಿದ. ಅರಸರಿಗೆ ಬಯಲು ದೇವ್ರು ಅಂದ್ರ ಯಾವಾಗ್ಲೂ ಕಿರಿಕಿರಿನ. ಆವರಣದೊಳಗ ಬಂದ್ರ ಮಾತ್ರ ಸಮಾಧಾನ.

(4/6)
ಈಗ ನಮ್ಮ ಕಡೆ ಬರ್ರಿ. ಇಲ್ಲಿ ಅರಸ ಯಾರೂ ಇಲ್ಲ, ನಾವ ಇದ್ದೀವಿ.

ನಡೆಯೋದು ಹೆಂಗಂದ್ರ: ಮೊದಲು ಮರದ ಸುತ್ತ ಸಿಮೆಂಟ್ ಕಟ್ಟಿ. ಆಮ್ಯಾಲ ಟೈಲ್ಸ್. ಆಮ್ಯಾಲ ತಗಡಿನ ಶೀಟು, ಶೀಟಿಗೆ ಅಡ್ಡ ಬಂತು ಅಂತ ಎರಡು ಟೊಂಗಿ ಕಡಿಯೋದು. ಬುಡಕ್ಕ ನೀರು, ಗಾಳಿ ಹೋಗದೆ ಮರ ಒಣಗಾಕ ಹತ್ತತೈತಿ. "ಮರ ಬಿದ್ದು ಗುಡಿಗೆ ಪೆಟ್ಟಾದೀತು" ಅಂತ ಮರಾನ ತಗೀತಾರ. ಕಡೀಕ ಉಳಿಯೋದು ಮರದ ಹೆಸರಿನ ಗುಡಿ, ಮರ ಇಲ್ಲ.

ಹಿಂದಿನವರೂ ಕಟ್ಟಿ ಕಟ್ಟಿದ್ರು, ನಿಜ. ಆದ್ರ ಕಲ್ಲು-ಮಣ್ಣಿನ ಕಟ್ಟಿ. ಮಳಿ ನೀರು ಒಳಗ ಇಳೀತಿತ್ತು.

ಕೊಡಗಿನ ದೇವರಕಾಡುಗಳನ್ನು ನೋಡಿ. ಹೆಚ್ಚುಕಡಿಮೆ ಊರಿಗೊಂದು ದೇವರಕಾಡು, ಅಲ್ಲಿ ಅಯ್ಯಪ್ಪನಿಗೆ ಮಣ್ಣಿನ ನಾಯಿಗಳ ಹರಕೆ. 1905ರಲ್ಲಿ 15,506 ಎಕರೆ ಇದ್ದ ದೇವರಕಾಡು 1985ರ ಹೊತ್ತಿಗೆ 6,299 ಎಕರೆಗೆ ಇಳಿಯಿತು. ಒತ್ತುವರಿ, ಕಾಫಿ ತೋಟ ದೊಡ್ಡ ಕಾರಣ. ಆದ್ರ ಒಂದು ಮಾತು ಗಮನಿಸ್ರಿ: ಕಾಡು ಸಣ್ಣದಾದ ಎಷ್ಟೋ ಕಡೆ ದೇವ್ರಿಗೆ ಗುಡಿ ಉಳಿದೈತಿ, ಪೂಜಿ ನಡೆದೈತಿ. ದೇವ್ರು ಮರ ಬಿಟ್ಟು ಗೋಡಿಯೊಳಗ ಹೋದ ಮ್ಯಾಲ ಮರ ಕಡಿಯೋರಿಗೆ ಯಾರ ಅಂಜಿಕಿ?

(5/6)
"ನಾವು ಸೈನ್ಸ್ ಓದಿದವರು, ಮರದಾಗ ದೇವ್ರು ಅಂತ ನಂಬಬೇಕೇನು?" ಅಂತ ಕಮೆಂಟ್ ಬರ್ತೈತಿ ಅಂತ ಗೊತ್ತು. ಪ್ರಶ್ನೆ ಸರಿ ಐತಿ. ನಂಬಬೇಕು ಅಂತ ನಾನು ಹೇಳೂದಿಲ್ಲ. ಬರೀ ಭಯದಿಂದ ಉಳಿದ ಮರ, ಭಯ ಹೋದ ದಿನ ಬೀಳತೈತಿ. ಮತ್ತ ಆ ಭಯದ ಹೆಸರಿನಾಗ ಮರಕ್ಕ ಮೊಳಿ ಹೊಡೆದು ನಿಂಬಿಹಣ್ಣು ಚುಚ್ಚೋದು, "ಮುಟ್ಟಾದಾಕಿ ಹತ್ತಿರ ಬರಬ್ಯಾಡ" ಅನ್ನೋದು, ಇವೆರಡನ್ನೂ ನಾನು ಒಪ್ಪೂದಿಲ್ಲ. ಭೂಮ್ತಾಯಿ ಬಸುರಿ ಅಂತ ಕಡುಬು ಉಣ್ಣಿಸೋ ಮಂದಿಗೆ ಹೆಣ್ಣಿನ ಮೈ ಮೈಲಿಗಿ ಹೆಂಗ ಆಗತೈತಿ ಹೇಳ್ರಿ?

ನಂಬಿಕಿ ಇಲ್ಲದಿದ್ರೂ ನಿಯಮ ಇಟ್ಕೋಬಹುದು. ಪುರಾವೆ ರಾಜಸ್ಥಾನದಾಗ ಐತಿ. ಬಿಷ್ಣೋಯಿ ಸಮುದಾಯದ 29 ನಿಯಮಗಳಲ್ಲಿ ಹಸಿರು ಮರ ಕಡಿಯಬಾರದು ಅನ್ನೋದೂ ಒಂದು. 1730ರಲ್ಲಿ ಜೋಧಪುರದ ಅರಸನ ಆಳುಗಳು ಖೇಜಡ್ಲಿ ಊರಿಗೆ ಮರ ಕಡಿಯಲು ಬಂದಾಗ, ಅಮೃತಾ ದೇವಿ ಮೊದಲಾಗಿ 363 ಜನ ಮರ ಅಪ್ಪಿಕೊಂಡು ಪ್ರಾಣ ಕೊಟ್ಟರು. ಆ ಮರ ಯಾವುದು ಗೊತ್ತೇನು? ಖೇಜ್ರಿ. ಅಂದ್ರ ನಮ್ಮ ಬನ್ನಿ. ಅದ ಜಾತಿ, ಅದ ಮುಳ್ಳು.

ಸೈನ್ಸ್ ಕೇಳಿದ್ರೂ ಬನ್ನಿ ಪಾಸ್. ದ್ವಿದಳ ಜಾತಿಯ ಮರ, ಬೇರಿನ ಮೂಲಕ ಮಣ್ಣಿಗೆ ಸಾರಜನಕ ಸೇರಿಸುತ್ತೆ. ಬೇರು ಆಳಕ್ಕೆ ಇಳಿಯೋದರಿಂದ ಬರಗಾಲದಲ್ಲೂ ಹಸಿರು. ಮಳಿ ನಂಬಿ ಬದುಕೋ ನಮ್ಮ ಹೊಲಕ್ಕ ಇದಕ್ಕಿಂತ ಒಳ್ಳೆ ಕಾವಲುಗಾರ ಬೇಕೇನು? ಅದನ್ನ ನಾವು ಟ್ರ್ಯಾಕ್ಟರ್ ತಿರುಗಾಕ ಅಡ್ಡ ಆಗತೈತಿ ಅಂತ ಜೆಸಿಬಿ ತರಿಸಿ ಕೀಳ್ತೀವಿ. ಆಮ್ಯಾಲ ದಸರಾಕ್ಕ "ಬಂಗಾರದಂಗಿರೋಣ" ಅಂತ ಪ್ಯಾಟಿಯಿಂದ ಬನ್ನಿ ಕೊಂಡು ತರ್ತೀವಿ.

(6/6)
ನಮ್ಮೂರ ಹಳೇ ಹೆಸರು ಗುತ್ತವೊಳಲು. ಇಲ್ಲಿಂದ ಆಳಿದ ಗುತ್ತ ಅರಸರು ತಾವು ಉಜ್ಜಯಿನಿಯ ಚಂದ್ರಗುಪ್ತನ ವಂಶದವರು ಅಂತ ಶಾಸನಗಳಲ್ಲಿ ಹೇಳಿಕೊಂಡಿದ್ದಾರೆ. ಅವರ ಧ್ವಜದ ಮೇಲೆ ಗರುಡನ ಜೊತೆಗೆ ಇನ್ನೊಂದು ಗುರುತು ಇತ್ತು: ಆಲದ ಮರ. ಬಾವುಟಕ್ಕ ಮರ ಇಟ್ಕೊಂಡ ಊರಿನ ಮಂದಿ ನಾವು!

ಅದಕ್ಕ ನಾಲ್ಕು ಮಾತು, ನಮ್ಮ ಬ್ಯಾಚಿನವರಿಗೆ.

ಒಂದು: ನಿಮ್ಮ ಹೊಲದ, ಓಣಿಯ ದೇವ್ರ ಮರದ ಫೋಟೋ ತಗೀರಿ. ಅಜ್ಜಿಗೆ ಆ ದೇವ್ರ ಕಥಿ ಕೇಳಿ ರೆಕಾರ್ಡ್ ಮಾಡ್ರಿ. ಅಜ್ಜಿ ಹೋದ ಮ್ಯಾಲ ಗೂಗಲ್‌ನಾಗ ಅದು ಸಿಗೂದಿಲ್ಲ.

ಎರಡು: ಓಣಿ ಕಮಿಟಿ ಗುಡಿ ಕಟ್ಟಾಕ ಪಟ್ಟಿ ಕೇಳಾಕ ಬಂದ್ರ, ಕೊಡೂಕಿಂತ ಮುಂಚೆ "ಮರ ಉಳೀತೈತೇನ್ರಿ ಕಾಕಾ?" ಅಂತ ಕೇಳ್ರಿ. ಜಗಳ ಬ್ಯಾಡ, ಕೇಳಿದ್ರ ಸಾಕು.

ಮೂರು: ಮರಕ್ಕ ಹೊಡೆದ ಮೊಳಿ, ಕೋಚಿಂಗ್ ಬೋರ್ಡು, ಪ್ಲಾಸ್ಟಿಕ್ ಹಾರ ತಗೀರಿ. ಅದೂ ಪೂಜಿನ.

ನಾಲ್ಕು: 2002ರ ಜೀವವೈವಿಧ್ಯ ಕಾಯ್ದೆ ಪ್ರಕಾರ ಪ್ರತಿ ಸ್ಥಳೀಯ ಸಂಸ್ಥೆಗೂ ಒಂದು ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ನಿಮ್ಮ ಮರದ ಹೆಸರು ಅದರ ದಾಖಲಾತಿಯಲ್ಲಿ ಐತೇನು ಅಂತ ಕೇಳ್ರಿ. ದೇವನಹಳ್ಳಿ ಹತ್ತಿರದ ನಲ್ಲೂರಿನ ಹುಣಸೆ ತೋಪು 2007ರಲ್ಲಿ ದೇಶದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣ ಆತು. ಹುಣಸಿಗೆ ಆದದ್ದು ಬನ್ನಿಗೆ ಯಾಕ ಆಗಬಾರದು?

ನಿಮ್ಮ ಹೊಲದ ಬದುವಿನಾಗ ಯಾವ ಗಿಡ ಐತಿ, ಅದರಾಗ ಯಾವ ದೇವ್ರು ಅದಾಳ? ಕಮೆಂಟ್‌ನಾಗ ಬರೀರಿ. ಗಿಡ ಹೋಗಿದ್ರೂ ಬರೀರಿ, ಯಾವಾಗ ಹೋತು, ಯಾಕ ಹೋತು ಅಂತ.

#ಗುತ್ತಲ #ಬನ್ನಿಗಿಡ #ಶೀಗಿಹುಣ್ಣಿಮೆ #ದೇವರಕಾಡು #ಹಾವೇರಿಮಂದಿ