ಮೂವರೂ ಕ್ರಿಶ್ಚಿಯನ್ನರು, ಚರ್ಚು ಯಾಕ ಮೂರು?

ಮಕ್ಕಳೇ, ಗುಡ್ ಫ್ರೈಡೇ ಹಿಂದಿನ ದಿನ ನಮ್ಮ ಮೊಮ್ಮಗಳು ಸಾಲಿಯಿಂದ ಮುಖ ಸಣ್ಣದು ಮಾಡಿಕೊಂಡು ಬಂದಳು. ಪಾಟಿಚೀಲ ಇಳಿಸಿದವಳು ನೇರ ನನ್ನ ಹತ್ತಿರ ಬಂದು ಕೂತಳು.

“ಅಜ್ಜಾ, ನನ್ನ ಗೆಳತಿಗೆ ಹ್ಯಾಪಿ ಗುಡ್ ಫ್ರೈಡೇ ಅಂದೆ. ಆಕಿ ಮಾತೇ ಆಡ್ಲಿಲ್ಲ. ಡಬ್ಬಿ ತಗೊಂಡು ಬ್ಯಾರೆ ಕಡೆ ಹೋಗಿ ಕೂತ್ಲು. ನಾ ಏನ್ ತಪ್ಪು ಮಾಡ್ದೆ?”

ನನಗೆ ನಗುವೂ ಬಂತು, ನಾಚಿಕೆಯೂ ಆಯಿತು. ಯಾಕೆಂದರೆ ಇದೇ ತಪ್ಪನ್ನು ನಾನೂ ಮಾಡಿದವನೇ. ನೌಕರಿಯಲ್ಲಿದ್ದಾಗ ಪಕ್ಕದ ಮೇಜಿನ ಹಿರಿಯರೊಬ್ಬರ ಕೈಕುಲುಕಿ ಗುಡ್ ಫ್ರೈಡೇ ಶುಭಾಶಯ ಹೇಳಿದ್ದೆ. ಅವರು ಬೇಸರ ಮಾಡಿಕೊಳ್ಳದೆ, “ನಿಮ್ಮ ಮನಿಯೊಳಗ ಹಿರೇರ ತಿಥಿ ಇದ್ದ ದಿನ ನಾ ಬಂದು ಶುಭಾಶಯ ಅಂದ್ರ ಹ್ಯಾಂಗ ಆಕ್ಕೈತ್ರಿ?” ಎಂದು ಕೇಳಿದರು. ಆಮೇಲೆ ಅವರೇ ಬಿಡಿಸಿ ಹೇಳಿದರು. ಯೇಸುವನ್ನು ಶಿಲುಬೆಗೆ ಏರಿಸಿದ ದಿನ ಅದು. ಅನೇಕರು ಉಪವಾಸ ಇರುತ್ತಾರೆ. ನಡುಮಧ್ಯಾಹ್ನದ ಹೊತ್ತಿಗೆ ಚರ್ಚಿನಲ್ಲಿ ದೀರ್ಘ ಪ್ರಾರ್ಥನೆ ನಡೆಯುತ್ತದೆ. ಹೆಸರಿನಲ್ಲಿರುವ ‘ಗುಡ್’ ಎಂಬುದಕ್ಕೆ ಹಳೆಯ ಇಂಗ್ಲಿಷಿನಲ್ಲಿ ಪವಿತ್ರ ಎಂಬ ಅರ್ಥವಿತ್ತು. ಸಂಭ್ರಮ ಏನಿದ್ದರೂ ಭಾನುವಾರದ ಈಸ್ಟರ್‌ಗೆ, ಯೇಸು ಮತ್ತೆ ಎದ್ದುಬಂದನೆಂದು ನಂಬುವ ದಿನಕ್ಕೆ.

ಮೊಮ್ಮಗಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಇನ್ನೊಂದು ಪ್ರಶ್ನೆ ಬಂತು. “ನಮ್ಮ ಕ್ಲಾಸಿನ್ಯಾಗ ಮೂವರು ಕ್ರಿಶ್ಚಿಯನ್ ಹುಡುಗ್ಯಾರ ಅದಾರ. ಮೂವರೂ ಬ್ಯಾರೆ ಬ್ಯಾರೆ ಚರ್ಚಿಗೆ ಹೋಗ್ತಾರ. ದೇವರು ಒಬ್ಬಾವ ಇದ್ದ ಮ್ಯಾಲೆ ಚರ್ಚು ಯಾಕ ಮೂರು?”

ಒಳ್ಳೆಯ ಪ್ರಶ್ನೆ. ನಾವು ದೊಡ್ಡವರು ಇಂಥದ್ದನ್ನು ಕೇಳುವುದೇ ಇಲ್ಲ, ಎಲ್ಲರನ್ನೂ ‘ಕ್ರಿಶ್ಚಿಯನ್ನರು’ ಎಂಬ ಒಂದೇ ಚೀಲಕ್ಕೆ ಹಾಕಿ ಬಾಯಿ ಕಟ್ಟಿಬಿಡುತ್ತೇವೆ. ಅದಕ್ಕೇ ಆ ಮೂವರ ಮನೆಯ ಮಾತನ್ನು ಒಂದೊಂದಾಗಿ ನೋಡೋಣ ಎಂದೆ.

ಮೊದಲನೆಯವಳು ಕ್ಯಾಥೊಲಿಕ್. ರೋಮ್ ನಗರದಲ್ಲಿರುವ ಪೋಪ್ ಅವರಿಗೆ ಹಿರಿಯ ಗುರು. ಪಾದ್ರಿಯನ್ನು ‘ಫಾದರ್’ ಎಂದು ಕರೆಯುತ್ತಾರೆ. ಚರ್ಚಿನಲ್ಲಿ ನಡೆಯುವುದು ‘ಬಲಿಪೂಜೆ’. ಯೇಸುವಿನ ತಾಯಿ ಮರಿಯಳಿಗೆ ಅಲ್ಲಿ ದೊಡ್ಡ ಗೌರವ. ಹುಬ್ಬಳ್ಳಿಗೆ ರೈಲು ಬಂದ ಮೇಲೆ ಗೋವಾ, ಕರಾವಳಿ, ತಮಿಳು ಮತ್ತು ತೆಲುಗು ಸೀಮೆಗಳಿಂದ ಕೆಲಸಕ್ಕೆ ಬಂದವರಲ್ಲಿ ಕ್ಯಾಥೊಲಿಕರೂ ಇದ್ದರು.

ಎರಡನೆಯವಳು ಸಿ.ಎಸ್.ಐ. ಸಭೆಯವಳು. ಆಕೆಯ ಮನೆಯಲ್ಲಿ ಬೈಬಲಿಗೆ ‘ಸತ್ಯವೇದ’ ಎನ್ನುತ್ತಾರೆ, ಚರ್ಚಿನ ಹಿರಿಯರಿಗೆ ‘ಸಭಾಪಾಲಕರು’ ಎನ್ನುತ್ತಾರೆ, ಭಾನುವಾರದ ಪ್ರಾರ್ಥನೆಗೆ ‘ಆರಾಧನೆ’ ಎನ್ನುತ್ತಾರೆ. ಇದು ಪ್ರೊಟೆಸ್ಟಂಟ್ ದಾರಿ. 1517ರಲ್ಲಿ ಜರ್ಮನಿಯ ಮಾರ್ಟಿನ್ ಲೂಥರ್ ಆಗಿನ ಚರ್ಚಿನ ಕೆಲವು ನಡವಳಿಕೆಗಳನ್ನು ಪ್ರಶ್ನಿಸಿದ. ಅಲ್ಲಿಂದ ಈ ಕವಲು ಒಡೆಯಿತು.

ಮೂರನೆಯವಳ ಅಪ್ಪ ಕೇರಳದವರು, ಸಿರಿಯನ್ ಕ್ರೈಸ್ತರು. ಯೇಸುವಿನ ಶಿಷ್ಯ ತೋಮಾ ಕ್ರಿ.ಶ. 52ರಲ್ಲಿ ಕೇರಳಕ್ಕೆ ಬಂದನೆಂಬುದು ಅವರ ನಂಬಿಕೆ. ಅವರ ಹಳೆಯ ಪೂಜೆಯ ಭಾಷೆ ಸಿರಿಯಾಕ್. ಪೂಜೆಗೆ ಅವರು ‘ಕುರ್ಬಾನ’ ಎನ್ನುತ್ತಾರೆ.

ಇದನ್ನು ಕೇಳಿದ್ದೇ ಮೊಮ್ಮಗಳ ಕಣ್ಣು ಅರಳಿದವು. “ಬಕ್ರೀದಿಗೆ ಕುರ್ಬಾನಿ ಅಂತಾರಲ್ಲಜ್ಜಾ?” ಹೌದು, ಎರಡೂ ಒಂದೇ ಬೇರಿನ ಶಬ್ದಗಳು. ಸಿರಿಯಾಕ್ ಮತ್ತು ಅರಬ್ಬಿ ಭಾಷೆಗಳು ಒಂದೇ ಕುಲದವು. ದೇವರಿಗೆ ಅರ್ಪಿಸುವುದು ಎಂಬ ಅರ್ಥದ ಒಂದು ಮಾತು ಒಂದು ಕಡೆ ಚರ್ಚಿಗೂ ಇನ್ನೊಂದು ಕಡೆ ಈದಿಗೂ ಹೋಗಿ ಕೂತಿತು.

ಹಾಗಾದರೆ ಈ ಪಂಗಡಗಳು ಯಾವಾಗಲೂ ಬೇರೆಯಾಗಿಯೇ ಇರಬೇಕೇ? ಅದಕ್ಕೆ ಉತ್ತರ ನಮ್ಮ ದೇಶದಲ್ಲೇ ಇದೆ. ಆಂಗ್ಲಿಕನ್, ಮೆಥೊಡಿಸ್ಟ್, ಪ್ರೆಸ್ಬಿಟೇರಿಯನ್, ಕಾಂಗ್ರಿಗೇಶನಲ್ ಎಂಬ ಪ್ರೊಟೆಸ್ಟಂಟ್ ಪಂಗಡಗಳು ಒಂದಾಗಲು ದಾರಿ ಮಾಡಿದ ಮಾತುಕತೆ 1919ರಲ್ಲಿ ತಮಿಳುನಾಡಿನ ತರಂಗಂಬಾಡಿಯಲ್ಲಿ ಶುರುವಾಯಿತು. ಚರ್ಚಿಗೆ ಬಿಷಪ್ ಬೇಕೋ ಬೇಡವೋ ಎಂಬುದೇ ದೊಡ್ಡ ಜಗಳ. ಮಾತು ಮುಗಿಯಲು 28 ವರ್ಷ ಹಿಡಿಯಿತು. ಕೊನೆಗೆ, ಇನ್ನು ಮುಂದೆ ಬಿಷಪ್ ಇರಲಿ, ಆದರೆ ಬಿಷಪ್ಪರ ಕೈಯಿಂದ ದೀಕ್ಷೆ ಪಡೆಯದೆ ಈಗಾಗಲೇ ಸೇವೆಯಲ್ಲಿರುವ ಪಾಲಕರನ್ನೂ ಹಾಗೆಯೇ ಒಪ್ಪಿಕೊಳ್ಳೋಣ ಎಂದು ತೀರ್ಮಾನಿಸಿದರು. 1947ರ ಸೆಪ್ಟೆಂಬರ್ 27ರಂದು, ಸ್ವಾತಂತ್ರ್ಯ ಬಂದ ಆರು ವಾರಕ್ಕೆ, ಮದ್ರಾಸಿನಲ್ಲಿ ಸಿ.ಎಸ್.ಐ. ಅಂದರೆ ದಕ್ಷಿಣ ಭಾರತ ಸಭೆ ಹುಟ್ಟಿತು. ದೇಶ ಎರಡಾದ ವರ್ಷವೇ ಇವರು ಒಂದಾದರು. ನಮ್ಮ ಭಾಗದ ಬಾಸೆಲ್ ಮಿಶನ್ ಸಭೆಗಳೂ ಮುಂದೆ ಅದರೊಳಗೆ ಸೇರಿದವು. ಉತ್ತರ ಕರ್ನಾಟಕದ ಆ ಸಭೆಯ ಕೇಂದ್ರ ಇರುವುದು ನಮ್ಮ ಧಾರವಾಡದಲ್ಲೇ.

ಬಾಸೆಲ್ ಮಿಶನ್ ಎಂದ ಕೂಡಲೇ ಧಾರವಾಡದ ಹಿರಿಯರಿಗೆ ಸಾಲಿ ನೆನಪಾಗುತ್ತದೆ, ಗದಗ-ಬೆಟಗೇರಿಯವರಿಗೆ ‘ಜರ್ಮನ್ ದವಾಖಾನಿ’ ನೆನಪಾಗುತ್ತದೆ. ಸ್ವಿಟ್ಜರ್ಲೆಂಡಿನ ಬಾಸೆಲ್ ಊರಿನ ಈ ಸಂಸ್ಥೆಯವರು 1834ರಲ್ಲಿ ಮಂಗಳೂರಿಗೆ, 1837ರಲ್ಲಿ ಧಾರವಾಡಕ್ಕೆ ಬಂದರು. ಅವರು ಬಂದದ್ದು ತಮ್ಮ ಮತ ಹರಡಲಿಕ್ಕೆ, ಅದನ್ನು ಮುಚ್ಚಿಡಬೇಕಾಗಿಲ್ಲ. ಇಲ್ಲಿಯ ದೇವರುಗಳ ಬಗ್ಗೆ ಕಟುವಾಗಿಯೂ ಮಾತಾಡಿದರು. ಮತ ಬದಲಿಸಿದವರನ್ನು ಇತ್ತ ನಮ್ಮ ಜನ ಮನೆಯಿಂದ ಹೊರಗಿಟ್ಟರು, ಅವರ ಹೊಲ ಹೋಯಿತು, ಕಸುಬು ಹೋಯಿತು. ಅಂಥವರಿಗೆ ಕೆಲಸ ಕೊಡಲೆಂದೇ ಮಿಶನ್ನಿನವರು ಮಗ್ಗದ ಶಾಲೆ, ಹೆಂಚಿನ ಕಾರ್ಖಾನೆಗಳನ್ನು ತೆರೆದರು. ನೋವು ಎರಡೂ ಕಡೆ ಇತ್ತು.

ಆದರೆ ಜನರ ಜೊತೆ ಮಾತಾಡಬೇಕೆಂದರೆ ಮೊದಲು ಅವರ ಮಾತು ಕಲಿಯಬೇಕಲ್ಲ? ಹೆರ್ಮನ್ ಮೋಗ್ಲಿಂಗ್ ಎಂಬವರು ಮಂಗಳೂರಿನ ಮಿಶನ್ ಮುದ್ರಣಾಲಯದಿಂದ ಬಸವಪುರಾಣ, ಜೈಮಿನಿ ಭಾರತ, ದಾಸರ ಪದಗಳನ್ನು ಅಚ್ಚುಹಾಕಿಸಿದರು. ಕ್ರೈಸ್ತರ ಯಂತ್ರದಲ್ಲಿ ಶರಣರ ಕಥೆ, ದಾಸರ ಹಾಡು! 1853ರಲ್ಲಿ ಬಂದ ಫರ್ಡಿನಾಂಡ್ ಕಿಟೆಲ್ ಧಾರವಾಡದಲ್ಲಿ ಇದ್ದು ಕನ್ನಡ ಕಲಿತರು, ಜೈನ ಪಂಡಿತ ಕೇಶಿರಾಜನ ‘ಶಬ್ದಮಣಿದರ್ಪಣ’ವನ್ನು ಸಂಪಾದಿಸಿದರು, ಊರ ಜನರ ಗಾದೆಗಳನ್ನು ಕೂಡಿಸಿದರು. 1894ರಲ್ಲಿ ಅವರ ಕನ್ನಡ-ಇಂಗ್ಲಿಷ್ ನಿಘಂಟು ಹೊರಬಂತು. ಸುಮಾರು 70,000 ಶಬ್ದಗಳು. ಕಲಿಸಲು ಬಂದವರು ಕೇಳುತ್ತಾ ಕೂತರು, ಬರೆದುಕೊಂಡರು. ನೂರು ವರ್ಷ ದಾಟಿದ ಮೇಲೂ ಉಳಿದದ್ದು ಆ ಕೇಳಿ ಬರೆದುಕೊಂಡದ್ದೇ.

ಕೇಳದೆ ಬರೀ ಎಣಿಸುತ್ತಾ ಕೂತರೆ ಏನಾಗುತ್ತದೆ ಎಂಬುದಕ್ಕೆ ದೂರದ ಲೆಬನಾನ್ ದೇಶವನ್ನು ನೋಡಬೇಕು. ನಮ್ಮ ಒಂದೆರಡು ಜಿಲ್ಲೆಗಳಷ್ಟು ದೊಡ್ಡದಾದ ಆ ದೇಶದಲ್ಲಿ ಸರಕಾರ ಒಪ್ಪಿದ ಪಂಗಡಗಳೇ 18. ಕ್ರೈಸ್ತರಲ್ಲಿ ಮ್ಯಾರೊನೈಟರು ದೊಡ್ಡ ಗುಂಪು. ಅವರು ಪೋಪ್‌ರನ್ನು ಒಪ್ಪುತ್ತಾರೆ, ಪೂಜೆಯಲ್ಲಿ ಮಾತ್ರ ಕೇರಳದವರ ಹಾಗೆ ಸಿರಿಯಾಕ್ ಉಳಿಸಿಕೊಂಡಿದ್ದಾರೆ. ಅವರಲ್ಲದೆ ಗ್ರೀಕ್ ಆರ್ಥೊಡಾಕ್ಸ್, ಮೆಲ್ಕೈಟ್, ಅರ್ಮೇನಿಯನ್ ಹೀಗೆ ಹಲವರು. 1943ರ ಒಪ್ಪಂದದಂತೆ ರಾಷ್ಟ್ರಾಧ್ಯಕ್ಷರು ಮ್ಯಾರೊನೈಟ್, ಪ್ರಧಾನಿ ಸುನ್ನಿ, ಸಂಸತ್ತಿನ ಸಭಾಪತಿ ಶಿಯಾ. ಕುರ್ಚಿಗಳನ್ನು ಮತದ ಲೆಕ್ಕದಲ್ಲಿ ಹಂಚಿದ್ದರಿಂದ ತಲೆ ಎಣಿಸುವುದೇ ಭಯವಾಯಿತು. 1932ರ ನಂತರ ಅಲ್ಲಿ ಜನಗಣತಿಯೇ ಆಗಿಲ್ಲ. 1975ರಿಂದ 1990ರವರೆಗೆ ಅಂತರ್ಯುದ್ಧ ನಡೆಯಿತು.

ಅದೇ ದೇಶ ಇನ್ನೊಂದನ್ನೂ ಮಾಡಿತು. ಅಲ್ಲಿಯ ಕ್ರೈಸ್ತರೂ ದೇವರನ್ನು ‘ಅಲ್ಲಾ’ ಎಂದೇ ಕರೆಯುತ್ತಾರೆ, ಅರಬ್ಬಿಯಲ್ಲಿ ದೇವರಿಗೆ ಇರುವ ಶಬ್ದವೇ ಅದು. ಕುರಾನಿನ 19ನೇ ಅಧ್ಯಾಯದ ಹೆಸರು ‘ಮರ್ಯಮ್’, ಯೇಸುವಿನ ತಾಯಿ. ಇಬ್ಬರಿಗೂ ಪೂಜ್ಯಳಾದ ಆ ತಾಯಿಯ ಹೆಸರಿನಲ್ಲಿ ಮಾರ್ಚ್ 25ನ್ನು 2010ರಿಂದ ಕ್ರೈಸ್ತರು ಮತ್ತು ಮುಸ್ಲಿಮರು ಕೂಡಿ ಆಚರಿಸುವ ರಾಷ್ಟ್ರೀಯ ರಜಾದಿನವಾಗಿ ಮಾಡಿದರು. ನಮ್ಮಲ್ಲೂ ಬೆಂಗಳೂರಿನ ಶಿವಾಜಿನಗರದ ಮೇರಿ ಮಾತೆಯ ಹತ್ತಿರ, ಕಾರ್ಕಳದ ಅತ್ತೂರು ಚರ್ಚಿನ ಜಾತ್ರೆಗೆ ಎಲ್ಲ ಮತದವರೂ ಹೋಗುತ್ತಾರೆ.

“ಹಂಗಾರ ನಾ ಈಗ ಏನ್ ಮಾಡ್ಲಿ?” ಎಂದಳು ಮೊಮ್ಮಗಳು.

“ತಪ್ಪಾತು ಅಂತ ಹೇಳು. ಆಮ್ಯಾಲೆ, ನಿಮ್ಮ ಮನ್ಯಾಗ ಈ ದಿನ ಏನ್ ಮಾಡ್ತೀರಿ ಅಂತ ಕೇಳು.”

ಈಸ್ಟರ್ ಮುಗಿದ ಸೋಮವಾರ ಸಾಲಿಯಿಂದ ಬಂದವಳ ಚೀಲದಲ್ಲಿ ಕಾಗದದಲ್ಲಿ ಸುತ್ತಿದ ಒಂದು ಕೇಕಿನ ತುಂಡು ಇತ್ತು. ನನಗೂ ಅರ್ಧ ಸಿಕ್ಕಿತು.

ಮಕ್ಕಳೇ, ಈ ವಾರ ನಿಮಗೊಂದು ಕೆಲಸ. ಬೇರೆ ಮತದ ಗೆಳೆಯರೊಬ್ಬರನ್ನು ಅವರ ಮನೆಯಲ್ಲಿ ಯಾವ ಹಬ್ಬ ಸಂತೋಷದ್ದು, ಯಾವ ದಿನ ದುಃಖದ್ದು ಎಂದು ಕೇಳಿ. ಮೊಹರಂ ಬಗ್ಗೆಯೂ ಕೇಳಲು ಮರೆಯಬೇಡಿ. ಕೇಳಿದ್ದನ್ನು ರಾತ್ರಿ ಊಟದ ಹೊತ್ತಿಗೆ ಅಜ್ಜ-ಅಜ್ಜಿಗೆ ಹೇಳಿ. ನನ್ನಂಥ ಅಜ್ಜಂದಿರೂ ಇನ್ನೂ ಕಲಿಯುವುದಿದೆ.