ದೂರದ ಬೆಟ್ಟವೂ ನಂದಿಬೆಟ್ಟವೂ

ಅಲಾಸ್ಕದ ಡೆನಾಲಿ ಶಿಖರದ ಚಿತ್ರಗಳನ್ನು ಕಳುಹಿಸಿದ ಹಳೆಯ ವಿದ್ಯಾರ್ಥಿಯೊಬ್ಬ, ‘ಮೇಷ್ಟ್ರೇ, ಇಲ್ಲಿ ಒಂದು ಚೂರು ಕಾಗದವೂ ಬಿದ್ದಿಲ್ಲ. ನಮ್ಮ ಜನಕ್ಕೆ ಇದೆಲ್ಲ ಸಾಧ್ಯವೇ?’ ಎಂದು ಕೇಳಿದ್ದಾನೆ. ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ ಎಂದು ನಕ್ಕು ಸುಮ್ಮನಿರಬಹುದಿತ್ತು. ಆದರೆ ‘ನಮ್ಮ ಜನ’ ಎಂಬಲ್ಲಿರುವ ತಾತ್ಸಾರವನ್ನು ನಾನು ಒಪ್ಪಲಾರೆ.

6190 ಮೀಟರ್ ಎತ್ತರದ ಆ ಹಿಮಗಿರಿ ಚೊಕ್ಕಟವಾಗಿರುವುದು ಅಲ್ಲಿಯವರು ದೇವತೆಗಳೆಂದಲ್ಲ, ಕಟ್ಟುಪಾಡುಗಳಿವೆಯೆಂದು. ಅಲ್ಲಿನ ರಾಷ್ಟ್ರೀಯ ಉದ್ಯಾನದ 148 ಕಿಲೋಮೀಟರ್ ರಸ್ತೆಯಲ್ಲಿ ಬೇಸಿಗೆಯ ದಿನಗಳಲ್ಲಿ ಸ್ವಂತ ಕಾರುಗಳಿಗೆ ಮೊದಲ 24 ಕಿಲೋಮೀಟರ್ ಮಾತ್ರ ಪ್ರವೇಶ. ಅಲ್ಲಿಂದಾಚೆಗೆ ಬಸ್ಸು, ಸೈಕಲ್ಲು ಇಲ್ಲವೇ ಕಾಲ್ನಡಿಗೆ. ಶಿಖರವೇರುವವರು ಕೆಳಗಿನ ಶಿಬಿರಗಳಲ್ಲಿ ತಮ್ಮ ಮಲವನ್ನೂ ಡಬ್ಬಿಯಲ್ಲಿ ತುಂಬಿಕೊಂಡು ಹೊತ್ತು ತರಬೇಕು. ನಾಗರಿಕತೆಯೆಂಬುದು ಅಲ್ಲಿ ಆ ಡಬ್ಬಿಯ ರೂಪದಲ್ಲಿದೆ!

ಇನ್ನು ನಮ್ಮ ನಂದಿ. ಎತ್ತರ 1478 ಮೀಟರ್. ಹೆಬ್ಬಾಳದಿಂದ 50 ಕಿಲೋಮೀಟರಿನಷ್ಟು ದೂರ. ಭಾನುವಾರದ ನಸುಕಿನಲ್ಲಿ ಯಲಹಂಕದವರ ನಿದ್ದೆ ಕೆಡಿಸಿ ಸಾಗುವ ಕಾರು, ಬೈಕುಗಳಿಗೆ ಅದು ಸೂರ್ಯೋದಯದ ಹಿನ್ನೆಲೆಯಲ್ಲಿ ಫೋಟೋ ತೆಗೆಸಿಕೊಳ್ಳುವ ಜಾಗ, ಅಷ್ಟೆ. ಅರ್ಕಾವತಿ ಹುಟ್ಟುವುದು ಅಲ್ಲಿ. ಬೆಂಗಳೂರಿಗೆ ಕೊಳಾಯಿ ನೀರು ಕೊಡಲೆಂದು 1894ರಲ್ಲಿ ನಿರ್ಮಿಸಿದ ಹೆಸರಘಟ್ಟದ ಜಲಾಶಯ ತುಂಬಿದ್ದು ಆ ಹೊಳೆಯಿಂದಲೇ. ಉತ್ತರ ಮತ್ತು ದಕ್ಷಿಣ ಪಿನಾಕಿನಿ, ಪಾಲಾರ್, ಚಿತ್ರಾವತಿ, ಪಾಪಾಗ್ನಿ ಇವೆಲ್ಲವೂ ಆ ಬೆಟ್ಟಸಾಲಿನ ಮಕ್ಕಳೇ. ದಕ್ಷಿಣ ಭಾರತದ ಒಣ ಕಲ್ಲುಬೆಟ್ಟಗಳಲ್ಲಲ್ಲದೆ ಜಗತ್ತಿನ ಬೇರೆಲ್ಲಿಯೂ ಬದುಕದ ಹಳದಿ ಕೊರಳಿನ ಪಿಕಳಾರವೂ ಅಲ್ಲಿದೆ.

ಒಂದು ವಿಚಿತ್ರ ನೋಡಿ. 2021ರ ಆಗಸ್ಟ್ ತಿಂಗಳಲ್ಲಿ ಎರಡೂ ಬೆಟ್ಟಗಳ ರಸ್ತೆಗಳು ಕುಸಿದವು. ಡೆನಾಲಿಯಲ್ಲಿ ಹೆಪ್ಪುಗಟ್ಟಿದ ನೆಲ ಕರಗಿ ಜಾರಿತು; ನಂದಿಯಲ್ಲಿ ಒಂದು ರಾತ್ರಿಯ ಮಳೆಗೆ ಕಲ್ಲು, ಮಣ್ಣು ಇಳಿದು ಬಂದವು. ಅಲ್ಲಿ ವರ್ಷಗಟ್ಟಲೆ ರಸ್ತೆಯ ಮುಂದಿನ ಭಾಗವನ್ನು ಮುಚ್ಚಿಟ್ಟರು. ಇಲ್ಲಿ ಕೆಲವೇ ತಿಂಗಳಲ್ಲಿ ಮತ್ತೆ ಕಾರುಗಳ ಸಾಲು. 2023ರಲ್ಲಿ ರೋಪ್‌ವೇಗೆ ಶಂಕುಸ್ಥಾಪನೆಯೂ ಆಯಿತು.

ರೋಪ್‌ವೇ ಬಂದರೆ ವಾಹನಗಳು ಕಡಿಮೆಯಾಗುತ್ತವೆ ಎನ್ನುತ್ತಾರೆ. ಆಗಲಿ, ಹಾಗಾದರೆ ಅದೇ ದಿನದಿಂದ ಮೇಲಕ್ಕೆ ಖಾಸಗಿ ಕಾರು ನಿಷೇಧವೆಂದು ಬರೆದುಕೊಡಲಿ. ರಸ್ತೆಯೂ ಇರಲಿ, ತಂತಿಯೂ ಇರಲಿ ಎಂದರೆ ಅದು ಬೆಟ್ಟದ ಭಾರ ಇಳಿಸುವ ಮಾತಲ್ಲ, ಸಂತೆಗೆ ಎರಡನೆಯ ಬಾಗಿಲು ತೆರೆಯುವ ಮಾತು. ತಂತಿಗೆ ಕೋಟಿಗಟ್ಟಲೆ ಸುರಿಯುವ ಮೊದಲು ತಪ್ಪಲಿನಲ್ಲಿ ಕಾರುಗಳನ್ನು ತಡೆದು ಸಾರಿಗೆ ಬಸ್ಸುಗಳನ್ನು ಬಿಡಬಾರದೇಕೆ?

ಆದುದರಿಂದ, ಅಪ್ಪಾ, ‘ಸಾಧ್ಯವೇ’ ಎಂದು ನನ್ನನ್ನು ಕೇಳಬೇಡ. ಮುಂದಿನ ಸಲ ಊರಿಗೆ ಬಂದಾಗ ಬಾಡಿಗೆ ಕಾರು ಹಿಡಿದು ಶಿಖರಕ್ಕೆ ಹೋಗದೆ, ಸುಲ್ತಾನಪೇಟೆಯ ಮೆಟ್ಟಿಲುಗಳ ಬಳಿಗೆ ಬಾ. ಮಂಡಿ ಬಿಟ್ಟರೆ ನಾನೂ ಬರುತ್ತೇನೆ.